ಮಾಯೆಸ್ತ್ರಾ ಮನೆಯ ಹೊಸ್ತಿಲು

ನಮ್ಮ ದ್ವೀಪದಲ್ಲಿ ಯಾವ ಮನೆಯ ಹೊಸ್ತಿಲು ನೋಡಿದರೂ ಬಲಗಡೆಗೆ ಒಂದು ಕಪ್ಪು ಕಲೆ ಇರುತ್ತದೆ. ಬಾಗಿಲ ಚೌಕಟ್ಟಿಗೆ ಹೊಡೆದ ಕಬ್ಬಿಣದ ಕೊಕ್ಕೆಯ ನೇರ ಕೆಳಗೆ. ಯಾರ ಮನೆಯಲ್ಲಿ ಹಂದಿ ಕೊಯ್ಯಲಿ, ದನ ಕೊಯ್ಯಲಿ, ನೆಂಟರ ಪಾಲನ್ನು ಹಸಿಯಾಗಿಯೇ ಬೆತ್ತದ ಸಿಬಿರಿಗೆ ಪೋಣಿಸಿ ಆ ಕೊಕ್ಕೆಗೆ ತೂಗಿಹಾಕಿ ಬರುತ್ತೇವೆ. ಕರೆಯುವುದಿಲ್ಲ, ಬಾಗಿಲು ತಟ್ಟುವುದಿಲ್ಲ. ತೆಗೆದುಕೊಂಡವರೂ ಒಂದು ಮಾತು ಆಡುವುದಿಲ್ಲ. ಹೊರಗಿನವರಿಗೆ, ಅಂದರೆ ಪಾದ್ರಿಗೆ, ಪೊಲೀಸಿಗೆ, ದೋಣಿ ತಪ್ಪಿ ಉಳಿದುಕೊಂಡ ವ್ಯಾಪಾರಿಗೆ ಮಾತ್ರ ಬೇಯಿಸಿ, ತಟ್ಟೆಯಲ್ಲಿಟ್ಟು, ಮೇಲೆ ಬಟ್ಟೆ ಮುಚ್ಚಿ ಕೊಡುತ್ತೇವೆ. ಅವರು ಹೊಗಳುತ್ತಾರೆ, ತಟ್ಟೆ ತೊಳೆದು ವಾಪಸು ತಂದುಕೊಡುತ್ತಾರೆ.

ಮಾಯೆಸ್ತ್ರಾ ಮನೆಯ ಹೊಸ್ತಿಲು ಮಾತ್ರ ಸುಣ್ಣ ಬಳಿದಂತೆ ಬೆಳ್ಳಗಿತ್ತು.

ಮಾಯೆಸ್ತ್ರಾ ಅಂದರೆ ನಮ್ಮಲ್ಲಿ ಟೀಚರಮ್ಮ. ಅವರ ಹೆಸರು ಎದುವಿಹೆಸ್ ಲುಮಾಪಾಸ್, ದೂರದ ಸಮಾರ್ ದ್ವೀಪದ ಕಡೆಯವರು. ಶಾಲೆಗೆ ಟೀಚರಾಗಿ ಬಂದಾಗ ನಾನು ಮೂಗು ಒರೆಸಿಕೊಳ್ಳಲು ಬಾರದ ಹುಡುಗ. ಈಗ ನನ್ನ ಮೀಸೆ ನರೆತಿದೆ. ಬೇರೆ ಟೀಚರುಗಳೆಲ್ಲ ಒಂದೆರಡು ಚಂಡಮಾರುತ ನೋಡಿ ವರ್ಗ ಮಾಡಿಸಿಕೊಂಡು ಓಡುತ್ತಿದ್ದರು. ಇವರು ಹೋಗಲಿಲ್ಲ. ಮದುವೆಯೂ ಆಗಲಿಲ್ಲ. ಯಾಕೆ ಅಂತ ಕೇಳುವ ಧೈರ್ಯ ನಮಗಿರಲಿಲ್ಲ, ಅವರ ಕೈಯಲ್ಲಿ ಬೆತ್ತವಿತ್ತು. ನಿವೃತ್ತಿಯಾದ ಮೇಲಾದರೂ ಊರಿಗೆ ಹೊರಡುತ್ತಾರೆ ಅಂದುಕೊಂಡರೆ, ಅಲ್ಲಿ ತಮ್ಮವರು ಅಂತ ಯಾರೂ ಉಳಿದಿರಲಿಲ್ಲವಂತೆ. ಚರ್ಚಿನಲ್ಲಿ ಮಕ್ಕಳಿಗೆ ಜಪ ಕಲಿಸಿಕೊಂಡು ನನ್ನ ಪಕ್ಕದ ಕಲ್ಲುಮನೆಯಲ್ಲೇ ಇದ್ದುಬಿಟ್ಟರು.

ನಮ್ಮ ಮದುವೆಗಳಲ್ಲಿ ಅವರಿಗೆ ಮೊದಲ ಸಾಲಿನ ಕುರ್ಚಿ, ಪಾದ್ರಿಯ ಪಕ್ಕದಲ್ಲಿ. ಒಳಗೆ ನಮ್ಮ ಹೆಂಗಸರು ಗೆಣಸು ಸುಲಿಯುತ್ತ, ಒಬ್ಬರನ್ನೊಬ್ಬರು ಚುಚ್ಚಿ ನಗಿಸುತ್ತ ಕೂತಿದ್ದರೆ, ಇವರು ಹೊರಗೆ ಮಡಿಲಲ್ಲಿ ಕೈಯಿಟ್ಟುಕೊಂಡು ಆ ನಗು ಕೇಳುತ್ತ ಕೂತಿರುತ್ತಿದ್ದರು. ಎದ್ದು ಅಡುಗೆಮನೆಯ ಕಡೆ ಹೊರಟರೆ ನಾಲ್ಕು ಜನ ಓಡಿಬಂದು, "ಅಯ್ಯೋ, ನೀವ್ಯಾಕೆ ಮಾಯೆಸ್ತ್ರಾ, ಕೂತ್ಕೊಳ್ಳಿ" ಅನ್ನುತ್ತಿದ್ದರು. ಪಾಪ, ಮತ್ತೆ ಕೂತುಕೊಳ್ಳುತ್ತಿದ್ದರು. ನಾವು ಅದನ್ನು ಮರ್ಯಾದೆ ಅಂತ ತಿಳಿದಿದ್ದೆವು. ಜ್ಞಾನಸ್ನಾನಕ್ಕೆ ಧರ್ಮತಾಯಿಯಾಗಿಯೂ ಯಾರೂ ಅವರನ್ನು ಕರೆದವರಲ್ಲ. ಸಮುದ್ರ ಅಪ್ಪ ಅಮ್ಮನನ್ನು ಕರೆದುಕೊಂಡರೆ ಮಗುವಿಗೆ ರಕ್ತದ ಮನೆ ಬೇಕು ಅನ್ನುವುದು ನಮ್ಮ ಲೆಕ್ಕಾಚಾರ.

ಅವರ ಬಾಗಿಲಿಗೂ ಒಂದು ಕೊಕ್ಕೆ ಇತ್ತು, ಹಿಂದೆ ಆ ಮನೆಯಲ್ಲಿದ್ದವರದು; ಅವರ ಕಾಲದ ಕಲೆ ಎಂದೋ ಮಾಸಿಹೋಗಿತ್ತು. ಉಪ್ಪುಗಾಳಿಗೆ ತುಕ್ಕು ತಿಂದು ಮುರಿದು ಬಿದ್ದಾಗ ಕಮ್ಮಾರನಿಗೆ ಹೇಳಿ ಹೊಸದು ಹಾಕಿಸಿದರು. ಏನು ತೂಗಿಹಾಕುವುದಕ್ಕೆ ಎಂದು ಅವನು ಕೇಳಿದರೆ, "ಕೊಡೆ" ಅಂದರಂತೆ. ನಮ್ಮ ಗಾಳಿಯಲ್ಲಿ ಕೊಡೆ ಹಿಡಿದು ನಡೆದವರನ್ನು ನಾನಂತೂ ಕಂಡಿಲ್ಲ.

ಈಗ ಡೆಲ್ಫಿನ್ ವಿಷಯಕ್ಕೆ ಬರುತ್ತೇನೆ. ಇವನು ನನ್ನ ಚಿಕ್ಕಮ್ಮ ಉರ್ಸುಲಾಳ ಒಬ್ಬನೇ ಮಗ. ಒಳ್ಳೆಯವನು, ಆದರೆ ಆತುರಗಾರ. ತೀರಿಹೋದ ಅಪ್ಪನ ವರ್ಷದ ಪೂಜೆಗೆಂದು ಮಂಜು ಕವಿದ ಬೆಳಿಗ್ಗೆ ಗುಡ್ಡದ ಹುಲ್ಲುಗಾವಲಿಗೆ ಹೋಗಿ ಒಂದು ಹಸು ಹೊಡೆದುಕೊಂಡು ಬಂದು ಕೊಯ್ದ. ನಮ್ಮ ದನಗಳಿಗೆ ಕಿವಿಯೇ ಗುರುತು. ಇವನ ಮನೆಯದಕ್ಕೆ ಬಲಗಿವಿಯಲ್ಲಿ ಒಂದು ಕಚ್ಚು, ಎಡಗಿವಿಯ ತುದಿ ಮೊಂಡು. ಇವನ ಚಿಕ್ಕಪ್ಪ ಕ್ರಿಸಾಂತೊನ ದನಕ್ಕೆ ಬಲಗಿವಿಯ ಕಚ್ಚು ಮಾತ್ರ. ಆದರೆ ಕ್ರಿಸಾಂತೊನ ಆ ಹಸುವಿನ ಎಡಗಿವಿಯನ್ನು ಯಾವುದೋ ಮುಳ್ಳು ಹರಿದುಹಾಕಿತ್ತು. ಹಳೆಯ ಗಾಯ, ಮಾಗಿ ಮೊಂಡಾಗಿತ್ತು. ಮಂಜಿನಲ್ಲಿ ಡೆಲ್ಫಿನ್ ಕಿವಿ ಮುಟ್ಟಿ ನೋಡಿದ, ತನ್ನದೇ ಅಂದುಕೊಂಡ. ಮೇಲಿನ ಕೇರಿಯಲ್ಲಿರುವ ಕ್ರಿಸಾಂತೊನ ಹೆಂಡತಿಯ ಮನೆಯವರೂ ಆ ಹಸುವಿನ ಪಾಲು ತಿಂದು ಬೆರಳು ಚೀಪಿದರು. ಡೆಲ್ಫಿನ್‌ನ ಹಸು ಗುಡ್ಡದಲ್ಲೇ ಮೇಯುತ್ತಿರುವುದು ಕಂಡಮೇಲೆ ತಪ್ಪು ಬಯಲಾಯಿತು.

ಕ್ರಿಸಾಂತೊ ಊರಲ್ಲೇ ಇದ್ದಿದ್ದರೆ ಹಸುವಿಗೆ ಹಸು ಕೊಟ್ಟು ಮುಗಿಸುತ್ತಿದ್ದೆವು. ಆದರೆ ಅವನು ದೊಡ್ಡ ದ್ವೀಪದ ಪಟ್ಟಣ ಸೇರಿ ಬೂಟು ಹಾಕಿಕೊಳ್ಳುವುದು ಕಲಿತಿದ್ದ. ಹುಲ್ಲುಗಾವಲಿನ ಗಡಿಯ ಬಗ್ಗೆ ಅಣ್ಣನ ಮೇಲಿದ್ದ ಹಳೆಯ ಸಿಟ್ಟನ್ನು ಅಣ್ಣನ ಮಗನ ಮೇಲೆ ತೀರಿಸಿಕೊಂಡ. ದನಗಳ್ಳತನ ಅಂತ ದೂರು ಕೊಟ್ಟ. ಪೊಲೀಸರ ದೋಣಿ ಬಂತು, ಡೆಲ್ಫಿನ್‌ನನ್ನು ಹತ್ತಿಸಿಕೊಂಡು ಹೋಯಿತು. ಕೋರ್ಟು ಹೇಳಿದ ಜಾಮೀನಿನ ಮೊತ್ತ ನಮ್ಮ ಇಡೀ ಕೇರಿ ಮಾರಿದರೂ ಹುಟ್ಟುವಂಥದ್ದಲ್ಲ.

ಡೆಲ್ಫಿನ್ ಪರವಾಗಿ ಸರ್ಕಾರ ಕೊಟ್ಟಿದ್ದ ವಕೀಲಮ್ಮ ಪಟ್ಟಣದಿಂದ ಫೋನು ಮಾಡಿದಳು. ನಮ್ಮ ಮುಖ್ಯಸ್ಥ, ಕಪಿತಾನ್ ಮಾರ್ಸಿಯಾಲ್, ಸಿಗ್ನಲ್ ಸಿಗುವ ದಿಣ್ಣೆಯ ಮೇಲೆ ನಿಂತು ಎಲ್ಲರಿಗೂ ಕೇಳುವ ಹಾಗೆ ಫೋನು ಎತ್ತಿ ಹಿಡಿದ.

"ದುಡ್ಡಿಲ್ಲದವರಿಗೆ ಇನ್ನೊಂದು ದಾರಿ ಇದೆ," ಅಂದಳು ಆಕೆ. "ಊರಿನ ಒಬ್ಬರು ಹೊಣೆ ಹೊತ್ತರೆ ಬಿಡ್ತಾರೆ. ಶಾಲೆ, ಚರ್ಚು, ಆಸ್ಪತ್ರೆ, ಇಂಥದಕ್ಕೆ ಸೇರಿದವರಾಗಿರ್ಬೇಕು. ಅವರೇ ಬಂದು ಕೋರ್ಟಲ್ಲಿ ನಿಲ್ಲಬೇಕು. ಆದರೆ ಹುಡುಗನಿಗೆ ಹತ್ತಿರದ ಸಂಬಂಧಿ ಆಗಿರಬಾರದು. ರಕ್ತದಿಂದಲೂ ಇಲ್ಲ, ಮದುವೆಯಿಂದಲೂ ಇಲ್ಲ. ಬೇಗ ಮಾಡಿ, ಗಾಳಿ ತಿರುಗ್ತಾ ಇದೆ."

ಅದು ನಮಗೂ ಗೊತ್ತಿತ್ತು. ಈಶಾನ್ಯದ ಗಾಳಿ ಎದ್ದರೆ ದೋಣಿ ನಿಲ್ಲುತ್ತದೆ, ಬೇಸಿಗೆಯವರೆಗೆ ಡೆಲ್ಫಿನ್ ಒಳಗೇ. ಅಲ್ಲಿ ಅವನು ಊಟ ಬಿಟ್ಟಿದ್ದಾನೆಂದು ಆಗಲೇ ಸುದ್ದಿ ಬಂದಿತ್ತು. "ಅವನು ಬಾಗಿಲು ಹಾಕಿದ ಕೋಣೇಲಿ ಒಂದು ದಿನ ಮಲಗಿದವನಲ್ಲ, ಬೇಸಿಗೆವರೆಗೆ ಉಳಿಯಲ್ಲ" ಎಂದು ಉರ್ಸುಲಾ ಚಿಕ್ಕಮ್ಮ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದಳು.

ಸಂಬಂಧವಿಲ್ಲದವರನ್ನು ಹುಡುಕುವುದಕ್ಕೆ ಕೂತೆವು ನೋಡಿ, ತಮಾಷೆ ಶುರುವಾಯಿತು.

"ಹೆಡ್ ಮಾಸ್ಟರ್?" ಎಂದ ಕಪಿತಾನ್.

"ನನ್ನ ತಂಗಿ ಗಂಡ," ಅಂದಳು ಉರ್ಸುಲಾ.

"ನರ್ಸಮ್ಮ ಹೊರಗಿನವಳಲ್ವಾ?"

"ಹೋದ ವರ್ಷ ನಿನ್ನ ಭಾವಮೈದುನನ್ನೇ ಮದುವೆಯಾದ್ಲಲ್ಲ, ಮರೆತುಬಿಟ್ಯಾ? ಹಂದಿ ಕಾಲು ನೀನೇ ಕಚ್ಚಿಕೊಂಡು ಕೂತಿದ್ದೆ," ಎಂದೆ ನಾನು. ಕಪಿತಾನನ ಭಾವಮೈದುನ ಉರ್ಸುಲಾಗೆ ಅಕ್ಕನ ಮಗ.

"ಪಾದ್ರಿ ಪೂಜೆಗಷ್ಟೇ ಬಂದು ಹೋಗೋರು, ಊರಿನೋರಲ್ಲ. ಚರ್ಚಿನ ಗಂಟೆ ಹೊಡೆಯೋನು?"

"ಡೆಲ್ಫಿನ್‌ಗೆ ಸೋದರಮಾವ."

"ಥೂ, ಈ ಊರಲ್ಲಿ ಒಂದು ಕಲ್ಲೆಸೆದರೆ ಯಾವನಿಗೆ ಬಿದ್ದರೂ ನನಗೇ ನೋವು," ಎಂದು ಕಪಿತಾನ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಎಲ್ಲರೂ ನಕ್ಕರು. ಆಗಲೇ ಹಿಂದಿನಿಂದ ಯಾರೋ ಮೆಲ್ಲಗೆ, "ಮಾಯೆಸ್ತ್ರಾ ಇದಾರಲ್ಲ" ಅಂದರು.

ನಗು ನಿಂತಿತು. ಹೌದಲ್ಲ ಅಂತ ಎಲ್ಲರ ಮುಖವೂ ಅರಳಿತು. ಆ ಕ್ಷಣ ನಾನೂ ಬಹಳ ಖುಷಿಪಟ್ಟೆ. ಒಬ್ಬರಿಗೆ ಇಡೀ ಊರಲ್ಲಿ ಯಾರೂ ಇಲ್ಲ ಅಂತ ಗೊತ್ತಾಗಿ ಊರೆಲ್ಲ ಖುಷಿಪಟ್ಟದ್ದು ಎಂಥ ಹೊಲಸು ಖುಷಿ ಅನ್ನುವುದು ಅವರ ಬಾಗಿಲ ಮುಂದೆ ನಿಂತಾಗ ಹೊಳೆಯಿತು.

ಉರ್ಸುಲಾ ಚಿಕ್ಕಮ್ಮನೂ ನಾನೂ ಹೋದಾಗ ಅವರು ಒಲೆಯ ಮುಂದಿದ್ದರು. ಒಂದೇ ಗೆಣಸು ಬೇಯುತ್ತಿತ್ತು. ನಾನು ವಿಷಯ ಹೇಳುತ್ತ, ಸಂಬಂಧದ ಮಾತು ಬಂದಾಗ ತೊದಲಿದೆ.

"ಸರಿಯಾಗಿ ಹೇಳು ಪಿಯೊ, ಶಾಲೇಲೂ ಹೀಗೇ ನುಂಗ್ತಿದ್ದೆ," ಅಂದರು. "ಯಾರಿಗೂ ಏನೂ ಆಗದೇ ಇರೋರು ಬೇಕು. ಅಷ್ಟೇ ತಾನೆ?"

"ಹೌದು ಮಾಯೆಸ್ತ್ರಾ."

"ಹಾಗಾದ್ರೆ ನನ್ನಂಥೋರು ನಿಮಗೆ ಸಿಗಲ್ಲ ಬಿಡು." ಒಲೆಯ ಸೌದೆ ಹಿಂದಕ್ಕೆಳೆದರು. "ದೋಣಿ ಯಾವಾಗ?"

ಕೋರ್ಟಿನಲ್ಲಿ ಅವರು ಇಸ್ತ್ರಿ ಮಾಡಿದ ಹಳೆಯ ಶಾಲೆಯ ಬಟ್ಟೆ ಉಟ್ಟು ನೆಟ್ಟಗೆ ನಿಂತರು. ಬೆಂಚಿನ ಈಚೆ ತುದಿಗೆ ನಾನು, ಉರ್ಸುಲಾ. ಆಚೆ ತುದಿಗೆ ಕ್ರಿಸಾಂತೊ ಮತ್ತು ಅವನ ವಕೀಲ. ಡೆಲ್ಫಿನ್ ಬೇಲಿಗೂಟದ ಹಾಗೆ ಒಣಗಿದ್ದ.

"ಆರೋಪಿ ನಿಮಗೆ ಏನಾಗಬೇಕು?" ಎಂದು ಕೇಳಿದರು ನ್ಯಾಯಾಧೀಶರು.

"ಏನೂ ಆಗಬೇಕಿಲ್ಲ."

"ಅವರ ಮನೆಯಲ್ಲಿ ಬೇರೆ ಯಾರಾದರೂ?"

"ಯಾರೂ ಇಲ್ಲ. ದ್ವೀಪದಲ್ಲೇ ಯಾರೂ ಇಲ್ಲ."

ಕ್ರಿಸಾಂತೊ ತನ್ನ ವಕೀಲನ ಕಿವಿಯಲ್ಲಿ ಏನೋ ಊದಿದ. ಬೂಟು ಹಾಕಿದರೂ ನಮ್ಮ ಮಣ್ಣಿನವನೇ ತಾನೆ, ಎಲ್ಲಿ ಇರಿಯಬೇಕೆಂದು ಅವನಿಗೆ ಗೊತ್ತು. ವಕೀಲನಿಗೆ ತಾನೇ ಕೇಳುವ ಪ್ರಶ್ನೆ ಅರ್ಥವಾದ ಹಾಗೆ ಕಾಣಲಿಲ್ಲ.

"ಈ ಮನೆಯವರು ಹಂದಿಯೋ ದನವೋ ಕೊಯ್ದರೆ ನಿಮಗೆ ಪಾಲು ಬರುತ್ತೋ?"

"ಬರುತ್ತೆ."

"ಹೇಗೆ ಬರುತ್ತೆ?"

ಮಾಯೆಸ್ತ್ರಾ ವಕೀಲನನ್ನು ನೋಡಲಿಲ್ಲ. ಒಂದು ಕಾಲದಲ್ಲಿ ತಾವೇ ಅಕ್ಷರ ತಿದ್ದಿಸಿದ ಕ್ರಿಸಾಂತೊನನ್ನು ನೋಡಿದರು.

"ಬೇಯಿಸಿ ಬರುತ್ತೆ. ತಟ್ಟೇಲಿ. ಮೇಲೆ ಬಟ್ಟೆ ಮುಚ್ಚಿರುತ್ತೆ."

"ಯಾವಾಗಲೂ?"

"ಯಾವಾಗಲೂ. ನಾನು ಬಂದ ದಿನದಿಂದ ಒಂದು ಸಲವೂ ತಪ್ಪಿಲ್ಲ."

ಕ್ರಿಸಾಂತೊ ತಲೆ ತಗ್ಗಿಸಿದ. ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲವೆಂದು ಆ ಕೋಣೆಯಲ್ಲಿ ನಮ್ಮವರಿಗಷ್ಟೇ ಗೊತ್ತಿತ್ತು. ಉರ್ಸುಲಾ ಚಿಕ್ಕಮ್ಮ ಸೆರಗಿನಂತೆ ಹೊದ್ದಿದ್ದ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡಳು. ಮಗ ಬಿಡುಗಡೆಯಾದನೆಂದು ಅಳುತ್ತಿದ್ದಾಳೆ ಅಂದುಕೊಂಡೆ. ಆದರೆ ನ್ಯಾಯಾಧೀಶರು ಇನ್ನೂ ಆದೇಶವನ್ನೇ ಹೇಳಿರಲಿಲ್ಲ.

ಬಿಡುಗಡೆಯ ಆದೇಶದ ಜೊತೆ ಎಚ್ಚರಿಕೆಯೂ ಬಂತು. ದಿನಾ ಸಂಜೆ ಡೆಲ್ಫಿನ್ ಮಾಯೆಸ್ತ್ರಾ ಮನೆಗೆ ಹೋಗಿ ಮುಖ ತೋರಿಸಬೇಕು. ಹೊಣೆ ಹೊತ್ತವರಿಗೂ ಆರೋಪಿಯ ಮನೆಗೂ ನೆಂಟಸ್ತಿಕೆ ಇದೆಯೆಂದು ಮುಂದೆ ಗೊತ್ತಾದರೆ ಜಾಮೀನು ರದ್ದು, ಹುಡುಗ ಮತ್ತೆ ಒಳಗೆ.

ವಾಪಸು ಬರುವಾಗ ಸಮುದ್ರ ಕುದಿಯುತ್ತಿತ್ತು. ಮಾಯೆಸ್ತ್ರಾಗೆ ಇಷ್ಟು ವರ್ಷವಾದರೂ ದೋಣಿ ಒಗ್ಗಿರಲಿಲ್ಲ, ವಾಂತಿ ಶುರುವಾಯಿತು. ಉರ್ಸುಲಾ ಚಿಕ್ಕಮ್ಮ ಹತ್ತಿರ ಸರಿದು ಅವರ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ದಡ ಮುಟ್ಟುವವರೆಗೂ ಬೆನ್ನು ಸವರುತ್ತ ಕೂತಳು. ಅವರನ್ನು ಹಾಗೆ ಯಾರಾದರೂ ಮುಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅದರ ಮಾರನೆಯ ದಿನದಿಂದ ದೋಣಿ ನಿಂತಿತು.

ಸಂಜೆ ಸಂಜೆ ಡೆಲ್ಫಿನ್ ಹೋಗಿ ಅವರ ಜಗಲಿಯಲ್ಲಿ ಕೂರುತ್ತಿದ್ದ. ಗೋಡೆಯಾಚೆಯಿಂದ ನನಗೆ ಎಲ್ಲ ಕೇಳಿಸುತ್ತಿತ್ತು.

"ಉಗುರು ಕತ್ತರಿಸೋ, ಹದ್ದಿನ ಥರ ಇದೆ."

"ನಾನೇನು ಇನ್ನೂ ಮೂರನೇ ಕ್ಲಾಸಾ?"

"ಕೋರ್ಟು ನಿನ್ನ ನನ್ನ ಕೈಗೆ ಕೊಟ್ಟಿದೆ. ಸುಮ್ಮನೆ ಕತ್ತರಿಸು."

ಒಬ್ಬರೇ ಇರುವ ಮನೆಯಲ್ಲಿ ಮಾತಿನ ಸದ್ದು. ಅವನು ಹೋದಮೇಲೆ ಅವರ ದೀಪ ಬಹಳ ಹೊತ್ತು ಉರಿಯುತ್ತಿತ್ತು.

ಮಗ ಮನೆಗೆ ಬಂದರೆ ಒಂದು ಹಂದಿ ಕೊಯ್ಯುತ್ತೇನೆಂದು ಉರ್ಸುಲಾ ಚಿಕ್ಕಮ್ಮ ಹರಕೆ ಹೊತ್ತಿದ್ದಳು. ಅದನ್ನು ಕೊಯ್ದ ದಿನ ನನ್ನ ಪಾಲು ತೆಗೆದುಕೊಳ್ಳಲು ಬಾಗಿಲಿಗೆ ಬಂದರೆ, ಪಕ್ಕದ ಬಾಗಿಲಲ್ಲಿ ಮಾಯೆಸ್ತ್ರಾ ನಿಂತಿದ್ದರು. ಅವರ ಕೊಕ್ಕೆಗೆ ಬೆತ್ತದ ಸಿಬಿರಿನಲ್ಲಿ ಹಸಿ ಮಾಂಸ ತೂಗುತ್ತಿತ್ತು. ಮೂಳೆಸಮೇತ ಪಕ್ಕೆಯ ತುಂಡು, ಅಕ್ಕತಂಗಿಯರಿಗೆ ಹೋಗುವ ಪಾಲು. ಬೆಳ್ಳಗಿನ ಹೊಸ್ತಿಲ ಮೇಲೆ ರಕ್ತ ತೊಟ್ಟಿಕ್ಕುತ್ತಿತ್ತು.

ಅವರು ಅದನ್ನು ಮುಟ್ಟಿದರು. ಬೆರಳು ಮೂಸಿ ನೋಡಿಕೊಂಡರು. ಆಮೇಲೆ ಎರಡೂ ಕೈಯಲ್ಲಿ ಇಳಿಸಿಕೊಂಡು, ಎಲ್ಲರೂ ನೋಡುವ ಹಾಗೆ ಬೀದಿಯ ನಡುವೆಯೇ ಉರ್ಸುಲಾ ಮನೆಯ ಕಡೆ ನಡೆದರು. ನಾನು ಹಿಂದೆಯೇ ಓಡಿದೆ.

"ಇದು ದಾರಿ ತಪ್ಪಿ ನನ್ನ ಮನೆಗೆ ಬಂದಿದೆ ಉರ್ಸುಲಾ."

"ದಾರಿ ತಪ್ಪಿಲ್ಲ. ಅದು ನಿಮ್ಮದೇ."

"ಮೇಲಿನ ಕೇರಿಯೋರೆಲ್ಲ ಕಿಟಕೀಲಿ ನಿಂತಿದಾರೆ. ಸಂಜೆಯೊಳಗೆ ಕ್ರಿಸಾಂತೊಗೆ ಫೋನು ಹೋಗುತ್ತೆ."

"ಹೋಗ್ಲಿ ಬಿಡಿ. ನಿಮಗೆ ತಟ್ಟೆ ಕಳಿಸೋಕೆ ಇನ್ನು ನನ್ನ ಕೈಲಾಗಲ್ಲ."

"ಕೈಲಾಗಬೇಕು. ಹಸಿ ಪಾಲು ತಗೊಂಡ್ರೆ ನಾನು ಕೋರ್ಟಲ್ಲಿ ಹೇಳಿದ್ದು ಸುಳ್ಳಾಗುತ್ತೆ. ನಿನ್ನ ಮಗ ಒಳಗೆ ಹೋಗ್ತಾನೆ." ಮಾಂಸವನ್ನು ಮೇಜಿನ ಮೇಲಿಟ್ಟರು. "ಕೇಸು ಮುಗೀಲಿ. ಆಮೇಲೆ ಹಾಕು."

"ಯಾವಾಗ ಮುಗಿಯುತ್ತೆ ಅದು?"

"ನನ್ನ ಕೇಳಿದ್ರೆ?"

ಉರ್ಸುಲಾ ಚಿಕ್ಕಮ್ಮ ನಿಂತಲ್ಲೇ ಅತ್ತಳು. ಮಾಯೆಸ್ತ್ರಾ ಅಳಲಿಲ್ಲ. ದಾರಿಯಲ್ಲಿ ವಾಪಸು ಬರುತ್ತ ಕೈ ನೋಡಿಕೊಂಡು, "ಹಸೀದು ಇಷ್ಟು ಭಾರ ಇರುತ್ತೆ ಅಂತ ಗೊತ್ತಿರಲಿಲ್ಲ ಪಿಯೊ" ಎಂದರು.

ಆ ಸಂಜೆ ತಟ್ಟೆ ಬಂತು. ಅರಿಶಿನದ ಅನ್ನ, ಬೇಯಿಸಿದ ಮಾಂಸ, ಮೇಲೆ ಕಸೂತಿಯ ಬಟ್ಟೆ. ಮಾಯೆಸ್ತ್ರಾ ಒಬ್ಬರೇ ಕೂತು ಉಂಡರು. ತಟ್ಟೆ ತೊಳೆದು, ಬಟ್ಟೆ ಮಡಿಸಿ, ಮೇಲಿನ ಕೇರಿಯವರಿಗೆ ಕಾಣುವ ಹಾಗೆ ತೆಗೆದುಕೊಂಡು ಹೋಗಿ ಉರ್ಸುಲಾಗೆ ಕೊಟ್ಟು, "ಬಹಳ ಚೆನ್ನಾಗಿತ್ತು, ದೇವರು ಒಳ್ಳೇದು ಮಾಡಲಿ" ಎಂದು ಗಟ್ಟಿಯಾಗಿ ಹೇಳಿ ಬಂದರು.

ಕೇಸು ಇನ್ನೂ ನಡೆಯುತ್ತಿದೆ. ದೋಣಿ ಇದ್ದಾಗ ನ್ಯಾಯಾಧೀಶರು ರಜೆ, ನ್ಯಾಯಾಧೀಶರು ಇದ್ದಾಗ ಸಮುದ್ರ ಬಿಡುವುದಿಲ್ಲ. ಪ್ರತಿ ಸಲವೂ ಮಾಯೆಸ್ತ್ರಾ ಎದ್ದು ನಿಂತು, ಅವನು ನನಗೆ ಏನೂ ಆಗಬೇಕಿಲ್ಲ ಎಂದು ಹೇಳಿ ಕೂರುತ್ತಾರೆ. ಈಚೆಗೆ ಏಳುವಾಗ ಬೆಂಚು ಹಿಡಿದುಕೊಳ್ಳುತ್ತಾರೆ. ಉರ್ಸುಲಾ ಚಿಕ್ಕಮ್ಮನಿಗೂ ಈ ಚಳಿಗಾಲ ಕೆಮ್ಮು ಬಿಟ್ಟಿಲ್ಲ.

ಮಾಯೆಸ್ತ್ರಾ ಶನಿವಾರ ಶನಿವಾರ ಹೊಸ್ತಿಲು ಉಜ್ಜಿ ತೊಳೆಯುತ್ತಾರೆ. ಕೊಕ್ಕೆಯ ಕೆಳಗೆ ಅಂಗೈಯಷ್ಟು ಜಾಗ ಮಾತ್ರ ಬಿಡುತ್ತಾರೆ. ಅಲ್ಲಿ ಅವತ್ತು ತೊಟ್ಟಿಕ್ಕಿದ ರಕ್ತದ ಕಲೆ ಈಗ ಕಪ್ಪಾಗಿದೆ, ನಮ್ಮ ಮನೆಗಳಲ್ಲಿರುವ ಹಾಗೆ. ಕ್ರಿಸಾಂತೊನ ಕಡೆಯವರು ಕಂಡರೆ ಸುಮ್ಮನಿರುವುದಿಲ್ಲ ಅಂತ ನನಗೆ ಹೆದರಿಕೆ.

"ಅದನ್ನೂ ತೊಳೆದುಬಿಡಿ ಮಾಯೆಸ್ತ್ರಾ, ಯಾರಾದ್ರೂ ನೋಡ್ತಾರೆ," ಅನ್ನುತ್ತೇನೆ.

"ಹೌದು, ತೊಳೀಬೇಕು," ಅನ್ನುತ್ತಾರೆ. "ನಾಳೆ ತೊಳೀತೀನಿ."