ಮುತ್ತಾತನಿಗೆ ದೊರೆ ಬರೆದುಕೊಟ್ಟದ್ದು

ಬಸವೇಶ್ವರನಗರದ ನಾಗಭೂಷಣ್ ನಿವೃತ್ತರಾದ ಮೇಲೆ ದಿನಾ ಬೆಳಗ್ಗೆ ಐದೂವರೆಗೆ ತಾರಸಿ ಹತ್ತಿ, ನೀರಿನ ಟ್ಯಾಂಕಿನ ಪಕ್ಕ ಕುರ್ಚಿ ಹಾಕಿಕೊಂಡು ಆಕಾಶ ನೋಡುತ್ತಿದ್ದರು. ಕೆಳಗಿಳಿದ ಮೇಲೆ ಇವತ್ತಿನ ಆಕಾಶ ಹೇಗಿತ್ತೆಂದು ಹೆಂಡತಿ ನೀಲಮ್ಮನಿಗೆ ವರದಿ ಒಪ್ಪಿಸುತ್ತಿದ್ದರು. ಆಕೆ ಕುಕ್ಕರಿನ ಕಡೆಗೇ ಕಿವಿಯಿಟ್ಟು ಹೂಂಗುಟ್ಟುತ್ತಿದ್ದರು.

ಮನೆಯಲ್ಲಿ ಅವರ ಹೆಮ್ಮೆಯ ವಸ್ತು ಒಂದೇ. ಮುತ್ತಾತ ರುದ್ರಮುನಿಗೆ ಬ್ರಿಟಿಷ್ ದೊರೆಯೊಬ್ಬ ಬರೆದುಕೊಟ್ಟ ಪತ್ರ, ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದ್ದು. ದಿನಾ ಅದಕ್ಕೂ ವಿಭೂತಿ. ಮೂವತ್ತು ವರ್ಷ ನೋಂದಣಿ ಕಚೇರಿಯಲ್ಲಿ ಎಂಥೆಂಥ ಕೈಬರಹವನ್ನೋ ಓದಿದ್ದ ನಾಗಭೂಷಣರಿಗೆ ಆ ಮಾಸಿದ ಇಂಗ್ಲಿಷಿನಲ್ಲಿ 'ಕುದುರೆ' ಎಂಬ ಒಂದು ಪದ ಮಾತ್ರ ದಕ್ಕಿತ್ತು. ಅಷ್ಟರ ಮೇಲೆಯೇ ಅವರು, ದೊರೆ ಮುತ್ತಾತನ ಶೌರ್ಯ ಮೆಚ್ಚಿ ಕುದುರೆ ಉಡುಗೊರೆ ಕೊಟ್ಟನೆಂದು ನೆಂಟರಿಗೆಲ್ಲ ಹೇಳಿಕೊಂಡು ಬಂದಿದ್ದರು.

ಮೊಮ್ಮಗಳು ವಚನಾ ಬಿ.ಎ.ಯಲ್ಲಿ ಇತಿಹಾಸ ಓದುತ್ತಿದ್ದಳು. ವಸಾಹತು ಆಳ್ವಿಕೆಯ ಪಾಠಕ್ಕೆ ಮನೆಯ ಹಳೆಯ ಕಾಗದವೊಂದನ್ನು ತರಬೇಕಿತ್ತು. ತಾತ ಉಬ್ಬಿಹೋದರು. ಮರುದಿನ ಬೆಳಗಿನ ಬೆಳಕಿನಲ್ಲಿ ಇಬ್ಬರೂ ಪತ್ರವನ್ನು ತಾರಸಿಗೆ ಒಯ್ದರು. ವಚನಾ ಫೋಟೊ ತೆಗೆದು, ಫೋನಿನಲ್ಲಿ ದೊಡ್ಡದು ಮಾಡಿ ಓದತೊಡಗಿದಳು. ಓದುತ್ತ ಓದುತ್ತ ದನಿ ಇಳಿಯಿತು.

"ತಾತ, ಇದ್ರಲ್ಲಿ ಇರೋದನ್ನ ಇದ್ದ ಹಾಗೇ ಹೇಳ್ಲಾ?"

"ಹೇಳಮ್ಮ, ಸಂಕೋಚ ಯಾಕೆ."

"'ಇವನು ಕಪ್ಪು ಜನದವನಾದರೂ ಕಳ್ಳನಲ್ಲ. ಬುದ್ಧಿ ನನ್ನ ಕುದುರೆಗಿಂತ ಕಡಿಮೆ. ಆದರೆ ಕುದುರೆಗೆ ಇವನೆಂದರೆ ಇಷ್ಟ. ಲಾಯದ ಕೆಲಸಕ್ಕೆ ಇಟ್ಟುಕೊಳ್ಳಬಹುದು.'"

ಆವತ್ತು ಆಕಾಶದ ವರದಿ ಬರಲಿಲ್ಲ. ಬಿಳಿಯರ ಬುದ್ಧಿಯೇ ಮೇಲೆಂದು ಬ್ರಿಟಿಷರು ತಾವೂ ನಂಬಿ, ಆಳಿಸಿಕೊಂಡವರನ್ನೂ ನಂಬಿಸಿ ದೇಶ ಆಳಿದ್ದನ್ನು ವಚನಾ ತಿಳಿಸಿ ಹೇಳಿದಳು. ಅರವತ್ತೆಂಟರ ವಯಸ್ಸಿನಲ್ಲಿ ಪಾಠ ಕೇಳಿದ ನಾಗಭೂಷಣರ ರಕ್ತ ಕುದಿಯಿತು. ಊಟಕ್ಕೆ ಕೂತಾಗಲೂ ಸತ್ತ ದೊರೆಯನ್ನು ಬಿಡಲಿಲ್ಲ. ಬಣ್ಣ ನೋಡಿ ಮನುಷ್ಯರನ್ನು ಅಳೆಯುವವನು ಎಂಥ ದೊರೆ ಎಂದು ಅನ್ನ ಕಲಸುವುದನ್ನೂ ಮರೆತರು.

ನೀಲಮ್ಮ ಸಾರು ಬಡಿಸುತ್ತ ಹೇಳಿದರು: "ನನ್ನ ನೋಡೋಕೆ ಬಂದಾಗ ನಿಮ್ಮ ತಾಯಿ, ಬಣ್ಣ ಕಮ್ಮಿ ಆದ್ರೂ ಹುಡುಗಿ ಲಕ್ಷಣವಾಗಿದಾಳೆ ಅಂದ್ರು. ನೀವು ತಲೆ ಆಡಿಸಿದ್ರಿ. ಕಾಫಿ ತಟ್ಟೆ ಹಿಡ್ಕೊಂಡು ನಾನು ಅಲ್ಲೇ ನಿಂತಿದ್ದೆ."

ವಚನಾ ಉಪ್ಪಿನಕಾಯಿಯನ್ನೇ ನೋಡುತ್ತ ಕೂತಳು. ತಾತ ಮಜ್ಜಿಗೆ ಕೇಳಲಿಲ್ಲ, ಎದ್ದು ಕೈ ತೊಳೆದರು. ಸಂಜೆ, ಮತ್ತೆ ಗೋಡೆಗೇರಿದ್ದ ಪತ್ರವನ್ನು ಇಳಿಸಿ, ಕಾಲೇಜಿನವರೇ ಇಟ್ಟುಕೊಳ್ಳಲಿ ಎಂದು ಅವಳ ಕೈಗೆ ಕೊಟ್ಟರು.

ಮರುದಿನ ಅವರು ಹೆಂಡತಿಯನ್ನೂ ತಾರಸಿಗೆ ಕರೆದರು. ಮೂಡಣ ಇನ್ನೂ ಕಡುನೀಲಿಯಾಗಿತ್ತು. ರಾತ್ರಿಯೆಲ್ಲ ಉರು ಹೊಡೆದಿದ್ದ ಮಾತಿನಲ್ಲಿ "ಅವತ್ತು ನಾನು ತಲೆ ಆಡಿಸಬಾರದಿತ್ತು ಕಣೇ" ಎಂಬಷ್ಟೇ ಹೊರಬಂತು.

ನೀಲಮ್ಮ, "ಮದುವೆ ಆಲ್ಬಮ್‌ನಲ್ಲಿ ನನ್ನ ಮುಖ ಬೆಳ್ಳಗೆ ಮಾಡು ಅಂತ ಸ್ಟುಡಿಯೋದವನಿಗೆ ಹೇಳಿದ್ದು ಯಾರು?" ಎಂದು ಕೇಳಿದರು.

"ಅದೂ ನಾನೇ."

"ಗೊತ್ತಿತ್ತು. ನಿಮ್ಮ ಬಾಯಲ್ಲೇ ಬರ್ಲಿ ಅಂತ ಕಾಯ್ತಾ ಇದ್ದೆ," ಎಂದು ಆಕೆ ಇದ್ದೊಂದೇ ಕುರ್ಚಿಯಲ್ಲಿ ಆರಾಮಾಗಿ ಕೂತರು. ನಾಗಭೂಷಣ್ ಪಕ್ಕದಲ್ಲಿ ನಿಂತೇ ಇದ್ದರು.