ಅರ್ಧಕ್ಕೆ ನಿಂತ ಕಾಡತೂಸು

ನನ್ನ ಮಾವನವರ ಬಳಿ ಒಂದು ಹಳೆಯ ರೈಫಲ್ ಇತ್ತು. ಧಾರವಾಡ ಬಿಟ್ಟು ಮರಾಠಿ ಸೀಮೆಯ ಭೋರ್ ಸಂಸ್ಥಾನಕ್ಕೆ ಕಾರಕೂನರಾಗಿ ಬಂದಿದ್ದ ಅವರ ತಂದೆಯ ಕಾಲದ್ದು. ಟ್ರಿಗರಿನ ಸುತ್ತ ಇರುವ ಹಿಡಿಯನ್ನು ಕೆಳಗೆಳೆದು ಮೇಲಕ್ಕೆ ತಂದರೆ ಒಂದು ಕಾಡತೂಸು ನಳಿಗೆಗೆ ಏರುತ್ತಿತ್ತು. ಭೋರಿನ ಆಚೆ ನಮ್ಮ ಹೊಲಕ್ಕೆ ಕಾಡುಹಂದಿ ನುಗ್ಗುತ್ತಿದ್ದವು. ಮಾವನವರು ಆಗಾಗ ಹೋಗಿ, ಗಾಳಿಯಲ್ಲಿ ಗುಂಡು ಹಾರಿಸಿ ಓಡಿಸಿ ಬರುತ್ತಿದ್ದರು.

ತೊಂಬತ್ತರ ದಶಕದಲ್ಲಿ ನಾನು ಶಹರದ ಹಳೆಯ ಬಡಾವಣೆ ಸದಾಶಿವ ಪೇಠದ ಆ ಮನೆಗೆ ಸೊಸೆಯಾಗಿ ಬರುವ ಹೊತ್ತಿಗೆ ಆ ಅಳತೆಯ ಕಾಡತೂಸು ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಹಾರಿಸಿ ಉಳಿದ ಹಿತ್ತಾಳೆಯ ಖಾಲಿ ಕೋಶಗಳನ್ನು ಮಾವನವರು ಜೋಪಾನ ಮಾಡಿ, ಮದ್ದು ಹಾಕಿ, ಸೀಸದ ಗುಂಡು ಕೂಡಿಸಿ ತಾವೇ ಮತ್ತೆ ತುಂಬುತ್ತಿದ್ದರು. ಲೈಸನ್ಸ್ ಇದ್ದದ್ದು ಬಂದೂಕಿಗೆ. ಮನೆಯಲ್ಲಿ ಮದ್ದು ತುಂಬುವುದಕ್ಕಲ್ಲ.

ಅವರು ತುಂಬಲು ಕೂಡುತ್ತಿದ್ದ ಕಿಟಕಿಗೂ ನನ್ನ ಗ್ಯಾಸ್ ಒಲೆಗೂ ನಡುವೆ ಒಂದು ತೆಳ್ಳನೆಯ ಹಲಗೆಗೋಡೆ. ಅವರು ಅಲ್ಲಿಂದ ಏಳುವ ತನಕ ನಾನು ಒಲೆ ಹಚ್ಚುತ್ತಿರಲಿಲ್ಲ. ಎದ್ದ ಮೇಲೆ ಉದುರಿದ ಮದ್ದು, ಸೀಸ ಉಳಿಯದಂತೆ ಒದ್ದೆ ಬಟ್ಟೆಯಿಂದ ನೆಲವನ್ನೆಲ್ಲ ಒರೆಸುತ್ತಿದ್ದೆ. ಮಗಳು ಆಗಷ್ಟೇ ಅಂಬೆಗಾಲಿಡುತ್ತಿದ್ದಳು, ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವ ವಯಸ್ಸು. ಕೆಳಗೆ ಯಾವುದಾದರೂ ಮೋಟರ್‌ಸೈಕಲ್ ನಿಂತರೆ ಪೊಲೀಸರೇ ಬಂದರೆಂದು ಕಿಟಕಿಯಿಂದ ಇಣುಕುತ್ತಿದ್ದೆ. ಯಜಮಾನರಿಗೆ ಹೇಳಿದರೆ, ಅಪ್ಪನ ಕೈ ಪಕ್ಕಾ ಅದ ಎಂದುಬಿಡುತ್ತಿದ್ದರು.

ಒಂದು ಚುನಾವಣೆ ಘೋಷಣೆಯಾದಾಗ ಬಂದೂಕುಗಳನ್ನೆಲ್ಲ ಮರುದಿನದೊಳಗೆ ಪೊಲೀಸ್ ಚೌಕಿಯಲ್ಲಿ ಒಪ್ಪಿಸಬೇಕೆಂದು ಪೊಲೀಸರು ಬಂದು ಹೇಳಿ ಹೋದರು. ಯಜಮಾನರು ಕೆಲಸದ ಮೇಲೆ ಸೊಲ್ಲಾಪುರಕ್ಕೆ ಹೋಗಿದ್ದರು. ಒಪ್ಪಿಸುವ ಮೊದಲು, ಹೊಸದಾಗಿ ತುಂಬಿದ ಕಾಡತೂಸು ನಳಿಗೆಯಲ್ಲಿ ಸರಿಯಾಗಿ ಕೂಡುತ್ತದೋ ಇಲ್ಲವೋ ನೋಡುವ ಚಪಲ ಮಾವನವರಿಗೆ. ಮಧ್ಯಾಹ್ನ ಒಳಕೋಣೆಯಿಂದ ಹಿಡಿ ಎಳೆದ ಸದ್ದು ಕೇಳಿತು, ಆಮೇಲೆ ಏನೂ ಕೇಳಲಿಲ್ಲ. ನಾನು ಬಾಗಿಲಿಗೆ ಹೋದೆ. ಅವರು ಬಂದೂಕಿನ ಬಾಯನ್ನು ಗೋಡೆಗೆ ಮಾಡಿಕೊಂಡು ನೆಲದ ಮೇಲೆ ಕೂತಿದ್ದರು. ಕಾಡತೂಸು ಅರ್ಧ ಒಳಗೆ ಹೋಗಿ ಸಿಕ್ಕಿಕೊಂಡಿತ್ತು. ಹಿಡಿ ಮೇಲಕ್ಕೂ ಬರುತ್ತಿರಲಿಲ್ಲ, ಕೆಳಕ್ಕೂ ಇಳಿಯುತ್ತಿರಲಿಲ್ಲ.

“ಸ್ಕ್ರೂಡ್ರೈವರ್ ತೊಗೊಂಡು ಬಾರವಾ, ಮೀಟಿ ತೆಗೀತೀನಿ,” ಎಂದರು.

“ನಾ ಕೊಡೂದಿಲ್ರಿ ಮಾವಾರ,” ಎಂದೆ.

ಆ ಮನೆಯಲ್ಲಿ ನಾನು ಅವರ ಮಾತು ತೆಗೆದುಹಾಕಿದ್ದು ಅದೇ ಮೊದಲು. ಅವರು ಸಿಟ್ಟಾಗಲಿಲ್ಲ. ಮನೆಯಲ್ಲೇ ತುಂಬಿದ್ದು ಚೌಕಿಯವರಿಗೆ ಗೊತ್ತಾದರೆ ಮಗನ ನೌಕರಿಗೂ ಕುತ್ತು ಬರುತ್ತದೆ ಎಂದಷ್ಟೇ ಅಂದರು. ನಾನು ಮಗಳನ್ನು ಕೆಳಗಿನ ಮನೆಯ ಅಜ್ಜಿಯ ಮಡಿಲಿಗೆ ಹಾಕಿ, ರಿಕ್ಷಾ ಹಿಡಿದು ಶಹರದ ದಂಡಿನ ಭಾಗವಾದ ಕ್ಯಾಂಪಿನಲ್ಲಿದ್ದ ಬಂದೂಕಿನ ಅಂಗಡಿಗೆ ಹೋದೆ. ಅಲ್ಲಿ ರಿಪೇರಿ ಮಾಡುವವರಿಗೆ ನನ್ನ ಹರಕುಮುರುಕು ಮರಾಠಿಯಲ್ಲಿ, ಮನೆಯಲ್ಲಿ ತುಂಬಿದ್ದು ಎಂಬುದನ್ನೂ ಮುಚ್ಚಿಡದೆ ಹೇಳಿಬಿಟ್ಟೆ. ಅವರು ನನ್ನ ಮುಖ ನೋಡಿ, ಸಲಕರಣೆಯ ಚೀಲ ತೆಗೆದುಕೊಂಡು ನನ್ನ ಜೊತೆ ಹೊರಟರು.

ಲಕ್ಷ್ಮೀ ರಸ್ತೆಯ ಗದ್ದಲದಲ್ಲಿ ರಿಕ್ಷಾ ಸಿಕ್ಕಿಕೊಂಡಿತು. ಅಷ್ಟು ಹಾರ್ನುಗಳ ನಡುವೆಯೂ ನನ್ನ ಕಿವಿ ಮನೆಯ ಕಡೆಗೇ ಇತ್ತು. ಮಾವನವರು ಎದ್ದು ಹೋಗಿ ತಾವೇ ಸ್ಕ್ರೂಡ್ರೈವರ್ ಹುಡುಕಿಕೊಂಡಿದ್ದರೆ?

ಮನೆ ಮುಟ್ಟಿದಾಗ ಅವರು ಕೂತಲ್ಲೇ ಕೂತಿದ್ದರು. ಅಂಗಿ ಬೆವರಿನಲ್ಲಿ ತೊಯ್ದಿತ್ತು. ರಿಪೇರಿಯವರು ನಮ್ಮಿಬ್ಬರನ್ನೂ ಹೊರಗೆ ಕಳಿಸಿದರು. ಮೆಟ್ಟಿಲ ಮೇಲೆ ನಿಂತಾಗ ಮಾವನವರು ಕಟಕಟೆಯನ್ನು ಗಟ್ಟಿಯಾಗಿ ಹಿಡಿದಿದ್ದರು. ಒಳಗಿನಿಂದ ಸ್ಕ್ರೂ ಬಿಚ್ಚುವ ಸದ್ದು, ಸಣ್ಣ ಸುತ್ತಿಗೆಯ ಸದ್ದು ಬರುತ್ತಿತ್ತು. ಪ್ರತಿ ಏಟಿಗೂ ನಾನು ಕಣ್ಣು ಮುಚ್ಚಿದೆ.

ಕೊನೆಗೆ ರಿಪೇರಿಯವರು ಕರೆದರು. ಅವರ ಅಂಗೈಯಲ್ಲಿ ಕಾಡತೂಸಿತ್ತು, ಬಾಯಿ ಸೊಟ್ಟಗಾಗಿ ಉಬ್ಬಿತ್ತು. ಮೀಟಿದ್ದರೆ ಕೈ ಹೋಗುತ್ತಿತ್ತೇನೋ, ಇನ್ನು ಮುಂದೆ ತುಂಬಬೇಡಿ ಎಂದು ಮೆಲ್ಲಗೆ ಹೇಳಿ, ಚಹಾ ಕುಡಿದು ಹೋದರು.

ಮರುದಿನ ಮಾವನವರು ಬಂದೂಕನ್ನು ಚೌಕಿಗೆ ಒಪ್ಪಿಸಿ ಬಂದು ನನ್ನಿಂದ ಒಂದು ಬಕೆಟ್ ನೀರು ತರಿಸಿದರು. ಡಬ್ಬಿಯಲ್ಲಿದ್ದ ಮದ್ದನ್ನೆಲ್ಲ ಅದರಲ್ಲಿ ಸುರಿದು ಕೈಯಿಂದಲೇ ಕಲಸಿದರು. ನೀರು ಕಪ್ಪಾಯಿತು.

“ಇನ್ನ ಒಲಿ ಹಚ್ಚಲಿಕ್ಕೆ ನನ್ನ ದಾರಿ ಕಾಯಬ್ಯಾಡವಾ,” ಎಂದರು.

ಇಷ್ಟು ದಿನ ಅವರಿಗೆ ಅದೆಲ್ಲ ಗೊತ್ತಿತ್ತೆಂದು ನನಗೆ ತಿಳಿದದ್ದು ಆಗಲೇ. ಬಕೆಟ್ ಎತ್ತಿಕೊಂಡು ಒಳಗೆ ಹೋದೆ.

ಚುನಾವಣೆ ಮುಗಿದ ಮೇಲೆ ಬಂದೂಕು ಮನೆಗೆ ಮರಳಿತು. ಅವರು ಎಣ್ಣೆ ಹಚ್ಚಿ ಒರೆಸಿ ಇಡುತ್ತಿದ್ದರೇ ಹೊರತು ಮತ್ತೆ ತುಂಬಲಿಲ್ಲ. ಆದರೂ ಆ ಕೋಣೆಯಲ್ಲಿ ಅವರೊಬ್ಬರೇ ಇದ್ದು ಸದ್ದಿಲ್ಲದಾದರೆ ನಾನು ಏನಾದರೂ ನೆಪ ಮಾಡಿ ಹೋಗಿ ಇಣುಕುತ್ತಿದ್ದೆ. ಎರಡು ಸಾವಿರದ ಇಸವಿಯ ನಂತರ ಅವರು ತೀರಿಕೊಂಡಾಗ ಯಜಮಾನರು ಲೈಸನ್ಸ್ ತಮ್ಮ ಹೆಸರಿಗೆ ಮಾಡಿಸಿಕೊಳ್ಳದೆ ರೈಫಲನ್ನು ಸರಕಾರಕ್ಕೇ ಒಪ್ಪಿಸಿಬಿಟ್ಟರು. ಹಾಗೇ ಮಾಡೆಂದು ಮಾವನವರು ಮೊದಲೇ ಹೇಳಿ ಹೋಗಿದ್ದರಂತೆ.