ಗಿರಿಜತ್ತೆಯ ಹಾವು

ಗಿರಿಜತ್ತೆ ಮಾತಿನ ಮಧ್ಯೆ ಎದ್ದು ಹೋಗಿ ಬಾಗಿಲ ದಾರಂದಕ್ಕೆ ಬಲಭುಜ ಆನಿಸಿ ನಿಂತಳೆಂದರೆ ಅವಳ ಭುಜದ ಕೀಲು ಜಾರಿದೆ ಎಂದು ಅರ್ಥ. ಕಣ್ಣು ಮುಚ್ಚಿ ಮೈಯನ್ನು ನಿಧಾನವಾಗಿ ತಿರುಗಿಸುತ್ತಿದ್ದಳು. ಒಳಗಿನಿಂದ ಟಕ್ಕೆಂದು ಸದ್ದು ಬರುತ್ತಿತ್ತು. ನಾವು ಮಕ್ಕಳು ತುತ್ತು ಕೈಯಲ್ಲೇ ಹಿಡಿದು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. ಅವಳು ಸೆರಗಿನಿಂದ ಹಣೆ ಒರೆಸಿಕೊಂಡು ವಾಪಸು ಬಂದು ಕೂತು, ಕೊಟ್ಟಿಗೆಯ ದನದ ಸುದ್ದಿ ಹೇಳುವವಳ ಹಾಗೆ ಹೇಳುತ್ತಿದ್ದಳು: "ಎಂತಾ ಇಲ್ಲ ಮಾರಾಯ್ತಿ. ಮೇಯಕ್ಕೆ ಹೋಗಿತ್ತು, ಕರ್ಕೊಂಡು ಬಂದೆ."

ಅವಳು ನನ್ನ ಅಪ್ಪನ ಅಕ್ಕ. ಜಯಪುರದ ನಮ್ಮ ಮನೆಯಲ್ಲಿ ಹುಟ್ಟಿ ಮುತ್ತಿನಕೊಪ್ಪಕ್ಕೆ ಮದುವೆಯಾಗಿ ಹೋದವಳು. ಸಪೂರ ಮೈ, ಎಲ್ಲಾದರೂ ತಾಗಿದರೆ ಸಾಕು ನೇರಳೆ ಬಣ್ಣಕ್ಕೆ ತಿರುಗುವ ಚರ್ಮ. ಹೆಬ್ಬೆರಳನ್ನು ಹಿಂದಕ್ಕೆ ಬಗ್ಗಿಸಿ ಮುಂಗೈಗೆ ತಾಗಿಸುತ್ತಿದ್ದಳು. ನಮ್ಮಜ್ಜಿಗೂ ಅದು ಬರುತ್ತಿತ್ತು, ಅಪ್ಪನಿಗೂ ಬರುತ್ತಿತ್ತು. ಅಜ್ಜಿ ಕೊನೆಗಾಲದಲ್ಲಿ ಮಂಡಿ ಹಿಡಿದುಕೊಂಡು ನರಳಿದಳು, ಅಪ್ಪನಿಗೆ ಮಾತ್ರ ಒಂದು ದಿನವೂ ನೋವಿರಲಿಲ್ಲ. "ನಮ್ಮನೆಯವರಿಗೆ ದೇವರು ಮೂಳೆ ಹಾಕೋದು ಮರ್ತಿದ್ದಾನೆ" ಎಂದು ಅವನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದ. ನೆಂಟರು ಬಂದು ಕಾಫಿ ಕುಡಿದಾದ ಮೇಲೆ ನಮ್ಮನ್ನು ಕರೆದು ಬೆರಳು ಬಗ್ಗಿಸಿ ತೋರಿಸಲು ಹೇಳುವುದು ನಮ್ಮಲ್ಲಿ ಒಂದು ಉಪಚಾರವೇ ಆಗಿತ್ತು.

ನಮ್ಮ ಬಳಗದಲ್ಲಿ ಯಾರಿಗೆ ಹೆರಿಗೆಯಾದರೂ ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಲು ಗಿರಿಜತ್ತೆಯೇ ಬರಬೇಕು. ನರಸಿಂಹರಾಜಪುರದ ಕಡೆಯಿಂದ ಬರುವ ಬಸ್ಸಿನಿಂದ ಕೈಚೀಲ ತಬ್ಬಿಕೊಂಡು ಇಳಿಯುತ್ತಿದ್ದಳು. ಹಿಡಿಕೆಯಲ್ಲಿ ಹಿಡಿದರೆ ಬೆರಳಿನ ಗಿಣ್ಣು ಕಳಚಿಕೊಳ್ಳುತ್ತಿತ್ತಲ್ಲ, ಅದಕ್ಕೆ. ಬಚ್ಚಲಲ್ಲಿ ಕಾಲು ನೀಡಿ ಕೂತು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಳೆಂದರೆ ಹೆಂಗಸರೆಲ್ಲ ಬಾಗಿಲಲ್ಲಿ ಸೇರುತ್ತಿದ್ದರು. ಎಣ್ಣೆ ಹಚ್ಚಿ ಕೈಕಾಲು ನೀವಿ ಆದಮೇಲೆ ಕೂಸಿನ ಬಲಗಾಲನ್ನು ಮೆಲ್ಲಗೆ ಎತ್ತಿ ಕಾಲಿನ ಹೆಬ್ಬೆರಳನ್ನು ಅದರ ಕಿವಿಗೆ ಮುಟ್ಟಿಸುತ್ತಿದ್ದಳು. ಮುಟ್ಟಿದ ಕೂಡಲೇ "ನಮ್ಮನೆದೇ!" ಎಂದು ಸಾರುತ್ತಿದ್ದಳು. ಬಾಗಿಲಲ್ಲಿ ನಗು ಏಳುತ್ತಿತ್ತು. ಹೊಸ ಸೊಸೆಯಂದಿರಿಗೆ ಅದೊಂದು ಸಮಾಧಾನ ಬೇರೆ. ನನ್ನ ಮಗಳು ಮಾನಸಳನ್ನೂ ಅತ್ತೆ ಹೀಗೆಯೇ ನಮ್ಮವಳೆಂದು ಒಪ್ಪಿಕೊಂಡದ್ದು.

ಗಂಡನ ಮನೆಯಲ್ಲಿ ಅವಳಿಗಿದ್ದ ಹೆಸರು ಬೇರೆ: ಸೋಮಾರಿ. ಬೆಳಿಗ್ಗೆ ಚುರುಕಾಗಿ ಓಡಾಡುವವಳು ಹತ್ತೂವರೆಯ ಹೊತ್ತಿಗೆ ಗೋಡೆ ಹಿಡಿದು ನಡೆಯುತ್ತಿದ್ದಳು. ಕೊಡ ಎತ್ತಿದರೆ ಮಣಿಕಟ್ಟು ಜಾರುತ್ತಿತ್ತು. ಅವಳ ಅತ್ತೆ, ಕೆಟ್ಟವರೇನಲ್ಲ, ಆದರೂ ಕೇಳುತ್ತಿದ್ದರಂತೆ: "ಗಾಯ ಇಲ್ಲ, ಬಾವು ಇಲ್ಲ, ಜ್ವರ ಇಲ್ಲ. ಎಂತ ನೋವೇ ನಿಂಗೆ ದಿನಾ?" ವಾಯು ಎಂದು ಕಷಾಯ ಕುಡಿಸಿದರು, ರಕ್ತ ಇಲ್ಲ ಎಂದು ಟಾನಿಕ್ ಕೊಡಿಸಿದರು. ಕೊನೆಗೆ ಅವಳೇ, ಬೇರೆಯವರು ಅನ್ನುವ ಮೊದಲು ಅಂದುಬಿಡುವುದನ್ನು ಕಲಿತಳು. "ನಾನು ಹುಟ್ಟು ಸೋಮಾರಿ, ಗೊತ್ತಲ್ಲ" ಎಂದು ನಕ್ಕು ಚಾಪೆ ಬಿಡಿಸುತ್ತಿದ್ದಳು. ಆ ನಗು ನನಗೆ ಈಗ ನೆನಪಾದರೆ ಸಂಕಟವಾಗುತ್ತದೆ.

ಅವಳು ಗದ್ದೆಯಲ್ಲಿ ಹಾವು ಕಂಡ ಕಥೆ ಎರಡೂ ಮನೆಗಳಲ್ಲಿ ಪ್ರಸಿದ್ಧ. ಮದುವೆಯಾದ ಹೊಸತರಲ್ಲಿ ಒಂದು ನಟ್ಟಿಯ ದಿನ, ಆಳುಗಳ ಜೊತೆ ಬಗ್ಗಿ ಸಸಿ ನೆಡುತ್ತಿದ್ದವಳು ಇದ್ದಕ್ಕಿದ್ದಂತೆ "ಹಾವು! ಹಾವು!" ಎಂದು ಕೂಗಿದಳಂತೆ. ಎಲ್ಲರೂ ಸಸಿಯ ಕಟ್ಟು ಬಿಸಾಕಿ ಗದ್ದೆ ಅಂಚು ಹತ್ತಿದರು. ಯಾರಾದರೂ ಇಳಿಯಲು ಹೊರಟರೆ ಗಿರಿಜತ್ತೆ ಕೂತಲ್ಲಿಂದಲೇ ತಡೆಯುತ್ತಿದ್ದಳು: "ಇರಿ, ಇನ್ನೂ ಹೋಗಿಲ್ಲ." ಮರುವರ್ಷ ಅದೇ ಮೂಲೆಯಲ್ಲಿ, ಹೆಚ್ಚುಕಮ್ಮಿ ಅದೇ ಹೊತ್ತಿಗೆ, ಮತ್ತೆ ಅವಳಿಗೇ ಕಂಡಿತು. ಅದರ ಮುಂದಿನ ವರ್ಷವೂ ಕಂಡಾಗ ಅವಳ ಅತ್ತೆ ಗಾಬರಿಯಾಗಿ ಜೋಯಿಸರಲ್ಲಿಗೆ ಹೋದರು. ಅದು ನಾಗನ ನಡೆ ಇರುವ ಜಾಗ, ನಟ್ಟಿಯ ದಿನ ಅಲ್ಲಿ ಹಾಲೆರೆಯಬೇಕು ಎಂದಾಯಿತು. ಮೂಲೆಯಲ್ಲೊಂದು ಕಲ್ಲು ನೆಟ್ಟರು. ಅಂದಿನಿಂದ ನಟ್ಟಿಯ ನಡುವೆ ಎಲ್ಲರೂ ಕೆಲಸ ನಿಲ್ಲಿಸಿ ಅಂಚಿಗೆ ಬಂದು ಕೂರುವುದು, ಮನೆಯಿಂದ ಹಾಲು ಬರುವುದು, ಎರೆದಾದ ಮೇಲೆ ಬೆಲ್ಲ ಅವಲಕ್ಕಿ ಹಂಚುವುದು ಕ್ರಮವಾಯಿತು.

ಮಾನಸ ಬೆಳೆದಳು. ಕೊಪ್ಪದ ಶಾಲೆಯಲ್ಲಿ ಯೋಗಾಸನಕ್ಕೆ ಇವಳೇ ಮುಂದೆ. ಹಿಂದಕ್ಕೆ ಬಾಗಿ ಹಿಮ್ಮಡಿ ಹಿಡಿದರೆ ಸಭೆಯೆಲ್ಲ ಚಪ್ಪಾಳೆ. ಹೈಸ್ಕೂಲಿಗೆ ಬರುವಷ್ಟರಲ್ಲಿ ಬಸ್ಸು ಹತ್ತುವಾಗ ಮಂಡಿಚಿಪ್ಪು ಪಕ್ಕಕ್ಕೆ ಸರಿಯಲು ಶುರುವಾಯಿತು. ಪೆನ್ನು ಹಿಡಿದರೆ ಬೆರಳು ಒಳಕ್ಕೆ ಕುಸಿಯುತ್ತಿತ್ತು. ಪ್ರಾರ್ಥನೆಗೆ ನಿಂತರೆ ಕಣ್ಣು ಕತ್ತಲಿಡುತ್ತಿತ್ತು. ನಾನು ಕೊಪ್ಪದಲ್ಲಿ ಒಂದು ಹೊಲಿಗೆ ಅಂಗಡಿ ಇಟ್ಟುಕೊಂಡವಳು. ನನಗೂ ಕತ್ತರಿ ಹಿಡಿದು ಸಂಜೆಯಾಗುವಾಗ ಹೆಬ್ಬೆರಳು ನನ್ನದಲ್ಲ ಅನ್ನಿಸುತ್ತಿತ್ತು. ದುಡಿಯುವ ಕೈ ನೋಯದೆ ಇರುತ್ತದೆಯೇ ಎಂದುಕೊಂಡಿದ್ದೆ. ಮಗಳದ್ದು ಹಾಗೆಂದು ಬಿಡಲಾಗಲಿಲ್ಲ. ಒಬ್ಬರು ಕ್ಯಾಲ್ಸಿಯಂ ಕೊಟ್ಟರು. ಒಬ್ಬರು ಬೆಳೆಯುವ ವಯಸ್ಸಿನ ನೋವು ಎಂದರು. ಒಬ್ಬರು ಅವಳನ್ನು ಹೊರಗೆ ಕಳಿಸಿ, ಪರೀಕ್ಷೆಯ ಭಯ ಇರಬಹುದು ನೋಡಿ ಎಂದು ದನಿ ತಗ್ಗಿಸಿದರು. ಅಂಗಡಿಗೆ ಬೀಗ ಹಾಕುವುದು, ಬಸ್ಸು ಹಿಡಿಯುವುದು, ಬೆಂಚಿನ ಮೇಲೆ ಕಾಯುವುದು, ಏನೂ ಇಲ್ಲ ಅನ್ನಿಸಿಕೊಂಡು ಬರುವುದು. ಏನೂ ಇಲ್ಲ ಎಂಬ ಮಾತು ಕೇಳಿ ಕೇಳಿ ನಾನು ಸೋತುಹೋಗಿದ್ದೆ.

ಕೊನೆಗೆ ಶಿವಮೊಗ್ಗದಲ್ಲಿ ಒಬ್ಬರು ಡಾಕ್ಟರಮ್ಮ ಅವಳಿಗೆ ಹೆಬ್ಬೆರಳು ಬಗ್ಗಿಸಲು ಹೇಳಿದರು. ಕಿರುಬೆರಳು, ಮೊಣಕೈ, ಮಂಡಿ ನೋಡಿದರು. ಮಂಡಿ ಮಡಿಸದೆ ಬಗ್ಗಿ ಅಂಗೈ ನೆಲಕ್ಕೆ ಊರಲು ಹೇಳಿದರು. ನೆಂಟರೆದುರು ತೋರಿಸುತ್ತಿದ್ದ ಆಟವನ್ನೆಲ್ಲ ಮಾನಸ ಅಲ್ಲಿ ತೋರಿಸಿದಳು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. "ಮನೆಯಲ್ಲಿ ಇನ್ಯಾರಿಗೆ ಹೀಗಿದೆ?" ಎಂದು ಕೇಳಿದಾಗ ನನ್ನ ಕಣ್ಣೆದುರು ದಾರಂದಕ್ಕೆ ಆನಿಕೊಂಡ ಗಿರಿಜತ್ತೆ ನಿಂತಿದ್ದಳು.

ಹುಟ್ಟಿನಿಂದಲೇ ಬರುವ ಕೀಲು ಸಡಿಲದ ಕಾಯಿಲೆ ಇದು ಎಂದರು ಅವರು. ಮನೆತನದಲ್ಲಿ ಇಳಿದು ಬರುವಂಥದ್ದು. ಕೆಲವರಿಗೆ ಬರೀ ಬಾಗುವ ಮೈ, ಕೆಲವರಿಗೆ ಜೀವಮಾನದ ನೋವು, ಸುಸ್ತು. ಇವಳಿಗಿರುವ ಬಗೆಯನ್ನು ತೋರಿಸುವ ರಕ್ತಪರೀಕ್ಷೆ ಇಲ್ಲ, ಹೀಗೆ ನೋಡಿ, ಕೇಳಿಯೇ ಹೇಳಬೇಕು. ಹೃದಯವನ್ನೂ ಒಮ್ಮೆ ಸ್ಕ್ಯಾನ್ ಮಾಡಿಸಿ ಎಂದರು. ವಾಸಿಯಾಗುವುದಿಲ್ಲ, ಆದರೆ ಸಂಭಾಳಿಸಬಹುದು. ಮೈ ಎಳೆಯುವ ಆಸನ ಬೇಡ, ಕೀಲಿನ ಸುತ್ತಲ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಬೇಕು. "ಸುಸ್ತಾದ ಮೇಲೆ ಕೂರೋದಲ್ಲ, ಸುಸ್ತಾಗೋ ಮುಂಚೆ ಕೂರಬೇಕು" ಎಂದು ಮಾನಸಳಿಗೆ ಎರಡೆರಡು ಸಲ ಹೇಳಿದರು. ನಾನು ಕಿವಿಗೆ ಕಾಲು ಮುಟ್ಟಿಸುವ ವಿಷಯ ಹೇಳಿದೆ. ಅವರಿಗೆ ನಗು ಬಂತು. "ಎಳೆಗೂಸು ಯಾವುದಾದ್ರೂ ಮುಟ್ಟಿಸುತ್ತಲ್ಲಮ್ಮ!"

ಆ ವಾರವೇ ಮುತ್ತಿನಕೊಪ್ಪಕ್ಕೆ ಹೋದೆ. ಗಿರಿಜತ್ತೆ ಅಡುಗೆಮನೆಯಲ್ಲಿ, ಹಿಡಿಗೆ ದಪ್ಪಗೆ ಹಳೆ ಬಟ್ಟೆ ಸುತ್ತಿದ ಸೌಟಿನಲ್ಲಿ ಸಾರು ಕದಡುತ್ತಿದ್ದಳು. ನಾನು ಹೇಳುತ್ತಾ ಹೋದೆ, ಅವಳ ಕೈ ನಿಂತಿತು.

"ಇದಕ್ಕೆ ಹೆಸರುಂಟಾ?"

"ಉಂಟು ಅತ್ತೆ."

"ಹಂಗಾರೆ ನಾನು ಸೋಮಾರಿ ಅಲ್ವಾ?"

ಅಲ್ಲ ಎಂದು ತಲೆಯಾಡಿಸಿದೆ. ಅವಳು ಒಲೆ ಆರಿಸಿ ನನ್ನ ರಟ್ಟೆ ಹಿಡಿದಳು. "ಇಲ್ಲಿ ಬ್ಯಾಡ. ಜಗಲಿಗೆ ಬಂದು ಹೇಳು. ಜೋರಾಗಿ ಹೇಳು."

ಜಗಲಿಯಲ್ಲಿ ಮಾವ ಪೇಪರು ಓದುತ್ತಿದ್ದರು. ನಾನು ಮೊದಲಿನಿಂದ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. "ಇಷ್ಟೆಲ್ಲ ಇತ್ತು ಅಂತಾದ್ರೆ ಹೇಳ್ಬಾರ್ದಿತ್ತನೇ?" ಎಂದರು.

"ಹೇಳಿದ್ದೆ. ದಿನಾ ಹೇಳಿದ್ದೆ" ಎಂದಳು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಮಾವ ಪೇಪರು ಮಡಿಸಿಟ್ಟರು.

ಸುಸ್ತಾಗುವ ಮುಂಚೆ ಕೂರಬೇಕಂತೆ ಎಂದು ನಾನು ಡಾಕ್ಟರ ಮಾತು ಹೇಳಿದ್ದು ಮಾವ ಒಳಗೆ ಹೋದಮೇಲೆ. ಅತ್ತೆ ಹತ್ತಿರ ಸರಿದಳು.

"ಒಂದು ಹೇಳ್ತೀನಿ, ಯಾರಿಗೂ ಹೇಳ್ಬ್ಯಾಡ. ಗದ್ದೇಲಿ ಹಾವೂ ಇರ್ಲಿಲ್ಲ, ಎಂತದೂ ಇರ್ಲಿಲ್ಲ. ಬೆನ್ನು ಕಳಚಿ ಬೀಳ್ತದೆ ಅನ್ನಂಗೆ ಆಗಿತ್ತು. ಹೊಸ ಸೊಸೆ, ಒಬ್ಳೇ ಹೋಗಿ ಹೆಂಗೆ ಕೂರದು? ಎಲ್ಲರೂ ಕೂತ್ರೆ ನಾನೂ ಕೂರಬೋದು ಅಂತ ಕೂಗ್ದೆ. ನಮ್ಮತ್ತೆ ಕಲ್ಲು ನೆಟ್ಟು ಕೈ ಮುಗಿದಾಗ ಜೀವ ಹೋದಂಗಾತು ನಂಗೆ."

ನನಗೆ ನಗು ಬಂತು. ಅವಳು ನಗಲಿಲ್ಲ. "ನಾಗನ ಹೆಸರಲ್ಲಿ ಸುಳ್ಳು ಹೇಳಿದ್ದು. ಅದ್ಕೇ ಆ ಕೂಸಿಗೆ ಹಿಂಗಾತಾ?" ಎಂದಳು. ಎಷ್ಟು ವರ್ಷದಿಂದ ಅವಳು ಆ ಭಯವನ್ನು ಹೊತ್ತಿದ್ದಳೋ. ನಮ್ಮಜ್ಜಿಗೂ ಇತ್ತಲ್ಲ, ಹಾವಿನ ಮುಂಚಿನಿಂದಲೂ ಇದೆ ಎಂದು ಬಿಡಿಸಿ ಹೇಳಿದೆ. ಅರ್ಧ ನಂಬಿದಳು.

ಆಮೇಲೆ ಮಾನಸ ಫೋನಿನಲ್ಲಿ ಅವಳಿಗೆ ವ್ಯಾಯಾಮ ಹೇಳಿಕೊಡತೊಡಗಿದಳು. ಗೋಡೆಗೆ ಅಂಗೈ ಊರಿ ದೂಡುವುದು, ಕುರ್ಚಿಯಲ್ಲಿ ಕೂತು ಕಾಲೆತ್ತಿ ಹಿಡಿಯುವುದು. "ಇಷ್ಟು ವರ್ಷ ಗೇದಿದ್ದು ಸಾಲ್ಲಿಲ್ಲ, ಈಗ ಗೋಡೆ ಬೇರೆ ದೂಡ್ಬೇಕು" ಎಂದು ಬೈಯುತ್ತಲೇ ದೂಡಿದಳು. ತರಕಾರಿ ಹೆಚ್ಚಲು ಮಾವನೇ ಎತ್ತರದ ಸ್ಟೂಲು ತಂದುಕೊಟ್ಟರು. ಭುಜ ಮೇಯಲು ಹೋಗುವುದು ಕಡಿಮೆಯಾಯಿತು. ನೋವು ಪೂರ್ತಿ ಹೋಗಲಿಲ್ಲ. ಮಾನಸಳಿಗೂ ಹೋಗಿಲ್ಲ, ನನಗೂ ಇಲ್ಲ. ಒಳ್ಳೆಯ ದಿನ, ಕೆಟ್ಟ ದಿನ ಎಂದು ಮೂವರೂ ಫೋನಿನಲ್ಲಿ ವರದಿ ಒಪ್ಪಿಸಿಕೊಳ್ಳುತ್ತಿದ್ದೆವು.

ಹೀಗೇ ವರ್ಷಗಳು ಕಳೆದು ಮಾನಸಳ ಮದುವೆಯೂ ಆಯಿತು. ಹೋದ ದೀಪಾವಳಿ ಕಳೆದು ಅವಳಿಗೆ ಹೆಣ್ಣುಮಗು ಹುಟ್ಟಿತು. ಮಗುವಿಗೂ ಇಳಿದಿರಬಹುದು, ಇಳಿಯದೆಯೂ ಇರಬಹುದು, ಈಗಲೇ ಹೇಳಲಾಗುವುದಿಲ್ಲ ಎಂದಿದ್ದರು ಡಾಕ್ಟರು. ಬಸುರಿಯಾದಾಗಿನಿಂದ ಅವಳಿಗೆ ಅದೊಂದೇ ಚಿಂತೆ. ಗಿರಿಜತ್ತೆ ಬಂದಳು, ತುಂಬ ಬಡವಾಗಿದ್ದಳು. ಬಚ್ಚಲಲ್ಲಿ ಕೂತು ಎಣ್ಣೆ ಹಚ್ಚಿದಳು. ಹಳೇ ಅಭ್ಯಾಸದಂತೆ ಕೂಸಿನ ಬಲಗಾಲು ಅವಳ ಕೈಗೆ ಬಂತು. ಬಾಗಿಲಲ್ಲಿ ನಾನೂ ಮಾನಸಳೂ ನಿಂತಿದ್ದೆವು. ಯಾವ ಕೂಸಿನದಾದರೂ ಮುಟ್ಟುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ ಎಂದು ಗೊತ್ತಿದ್ದೂ ನಮಗೆ ನೋಡಲು ಭಯವಾಗಿತ್ತು. ಅತ್ತೆ ಆ ಪಾದವನ್ನು ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡಳು, ಹಾಗೆಯೇ ಕೆಳಗಿಟ್ಟಳು.

"ಯಾರ ಮನೆದಾದ್ರೂ ಆಗ್ಲಿ. ನೋವು ಅಂದ್ರೆ ನಂಬಿ, ಅಷ್ಟೇ" ಎಂದು ನೀರು ಹೊಯ್ದಳು. ನಾನು ಅವಳನ್ನು ನೋಡಿದ್ದು ಅದೇ ಕೊನೆ. ಚಳಿಗಾಲ ಮುಗಿಯುವ ಮೊದಲೇ ಜ್ವರ ಬಂದು ಹೋಗಿಬಿಟ್ಟಳು.

ಈ ವರ್ಷದ ನಟ್ಟಿಗೆ ಅವಳ ಮಗ ಸತೀಶ ನಮ್ಮನ್ನೂ ಕರೆದ. ಅಮ್ಮ ನಡೆಸಿಕೊಂಡು ಬಂದದ್ದು, ನಿಲ್ಲಿಸಬಾರದು ಎಂದ. ಕಲ್ಲಿಗೆ ಹಾಲೆರೆದಾಯಿತು. ನೆಡುತ್ತಿದ್ದ ಹೆಂಗಸರು ಅಂಚಿನ ಮೇಲೆ ಸಾಲಾಗಿ ಕೂತು ಅವಲಕ್ಕಿ ತಿಂದರು. ಅವರಲ್ಲಿ ಒಬ್ಬಳು ಎಳೆಯ ಸೊಸೆ ಕೆಸರುಗೈಯಲ್ಲೇ ಸೊಂಟ ಒತ್ತಿಕೊಳ್ಳುತ್ತಿದ್ದಳು. ಮಾನಸ ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡು ಕಾಲು ನೀಡಿದ್ದಳು. ಸತೀಶ ಗಡಿಯಾರ ನೋಡಿ, "ಆತಲ್ಲ, ಇನ್ನು ಇಳೀರಿ" ಎಂದ.

"ಇರು ಮಾರಾಯ," ಎಂದೆ ನಾನು. "ಇನ್ನೂ ಹೋಗಿಲ್ಲ."